ರೋಗಿಯ ಕೈ ಹಿಡಿಯುವ ಮೊದಲು

ದೊಡ್ಡಮ್ಮನಿಗೆ ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋಗಿತ್ತು. ನಾನು ಭಾನುವಾರ ಆರಾಧನೆ ಮುಗಿದ ಕೂಡಲೇ ಉಡುಪಿಯಿಂದ ಕಟಪಾಡಿಗೆ ಬಸ್ಸು ಹತ್ತುತ್ತಿದ್ದೆ. ಅವರ ಮಂಚದ ಎಡಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರಲ್ಲಿ ಕೂತು, ಅವರ ಕೈ ಹಿಡಿದು, ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಬರುತ್ತಿದ್ದೆ. ಮೂರನೇ ವಾರ ಹೋಮ್ ನರ್ಸ್ ಹುಡುಗಿ ಮೆಲ್ಲ ಹೇಳಿದಳು: "ಅಣ್ಣಾ, ಆ ಕೈಗೆ ಏನೂ ಗೊತ್ತಾಗುವುದಿಲ್ಲ. ಈಚೆ ಬನ್ನಿ."

ಕುರ್ಚಿ ಎತ್ತಿ ಬಲಕ್ಕೆ ಇಟ್ಟೆ. ಬಲಗೈ ಹಿಡಿದೆ. ದೊಡ್ಡಮ್ಮ ನನ್ನ ಎರಡು ಬೆರಳನ್ನು ಗಟ್ಟಿಯಾಗಿ ಒತ್ತಿದರು. ಬಾಯಿ ಒಂದು ಬದಿಗೆ ಎಳೆದಿತ್ತು, ಮಾತು ತೊದಲುತ್ತಿತ್ತು. ಆದರೂ ಹೇಳಿದ್ದು ಅರ್ಥವಾಯಿತು.

"ಈಗ ಬಂದ್ಯಾ ಮಗಾ?"

ಅಂದರೆ ಮೊದಲ ಎರಡು ಭಾನುವಾರ ನಾನು ಅವರ ಪಾಲಿಗೆ ಬಂದೇ ಇರಲಿಲ್ಲ.

ಆಮೇಲೆ ನಮ್ಮ ಚರ್ಚಿನ ಸಭೆಯ ಭೇಟಿ ತಂಡದ ಜೊತೆ ಎಷ್ಟೋ ಮನೆಗೆ, ಎಷ್ಟೋ ವಾರ್ಡಿಗೆ ಹೋಗಿದ್ದೇನೆ. ನಮ್ಮವರು ಕಿತ್ತಳೆ ತರುತ್ತಾರೆ, ಹಾರ್ಲಿಕ್ಸ್ ತರುತ್ತಾರೆ, ಉದ್ದುದ್ದ ಪ್ರಾರ್ಥನೆ ಮಾಡುತ್ತಾರೆ. ಮುಟ್ಟುವುದು ಹೇಗೆ ಅಂತ ಮಾತ್ರ ಗೊತ್ತಿಲ್ಲ. ಒಂದೋ ಬಾಗಿಲ ಹತ್ತಿರ ಕೈಕಟ್ಟಿ ನಿಂತುಬಿಡುತ್ತಾರೆ, ಇಲ್ಲವೇ ಹೋದವರೇ ತಲೆ ಮೇಲೆ ಕೈ ಒತ್ತುತ್ತಾರೆ. ನಾನು ತಪ್ಪು ಮಾಡಿ ಕಲಿತದ್ದನ್ನೂ, ಆಸ್ಪತ್ರೆಯ ನರ್ಸ್ ಸಿಸ್ಟರ್‌ಗಳಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸ್ತ್ರೀಸಂಘದವರಿಗೆ, ಯುವಜನರಿಗೆ, ಇಗರ್ಜಿಯ ಗುರ್ಕಾರರಿಗೆ (ವಾರ್ಡಿನ ಮುಖಂಡರಿಗೆ), ಮನೆಯಲ್ಲೇ ರೋಗಿಯನ್ನು ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಸುವಾರ್ತೆ ತೆಗೆಯಿರಿ

ಮಾರ್ಕನ ಮೊದಲನೇ ಅಧ್ಯಾಯದ ಕೊನೆಗೆ ಒಬ್ಬ ಕುಷ್ಠರೋಗಿ ಬರುತ್ತಾನೆ. ಯಾಜಕಕಾಂಡ 13ರ ನಿಯಮದಂತೆ ಅವನು ಹರಿದ ಬಟ್ಟೆ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, "ಅಶುದ್ಧ, ಅಶುದ್ಧ" ಅಂತ ಕೂಗಿಕೊಳ್ಳುತ್ತಾ ಊರ ಹೊರಗೆ ಒಂಟಿಯಾಗಿ ಇರಬೇಕಿತ್ತು. ಅವನಿಗೆ ಇನ್ನೊಬ್ಬರ ಕೈ ಸೋಕಿ ಎಷ್ಟು ಕಾಲ ಆಗಿತ್ತೋ. ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧ ಮಾಡಬಲ್ಲೆ ಅನ್ನುತ್ತಾನೆ. ಯೇಸು ಮೊದಲು ಕೈ ಚಾಚಿ ಮುಟ್ಟುತ್ತಾನೆ. ಮಾತು ಆಮೇಲೆ: "ನನಗೆ ಮನಸ್ಸುಂಟು."

ಬರೀ ಮಾತಿನಿಂದಲೇ ವಾಸಿ ಮಾಡಬಹುದಿತ್ತು ಅಲ್ವಾ? ಮತ್ತಾಯನ 8ನೇ ಅಧ್ಯಾಯದಲ್ಲಿ ಇದೇ ಕತೆಯ ಬೆನ್ನಿಗೇ ಶತಾಧಿಪತಿಯ ಆಳಿನ ಕತೆ ಇದೆ. ಅಲ್ಲಿ ಯೇಸು ಆ ಮನೆಯ ಹೊಸ್ತಿಲೂ ತುಳಿಯಲಿಲ್ಲ. ಮಾತೇ ಸಾಕಾಯಿತು. ಕುಷ್ಠರೋಗಿಗೆ ಸಾಕಾಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಅವನ ಕಾಯಿಲೆಯ ಅರ್ಧಭಾಗ ಯಾರೂ ಮುಟ್ಟದೇ ಇದ್ದದ್ದೇ.

ಎಲ್ಲರನ್ನೂ ಒಂದೇ ಥರ ಮುಟ್ಟಿಲ್ಲ ಅನ್ನುವುದನ್ನೂ ನೋಡಿ. ಪೇತ್ರನ ಅತ್ತೆಗೆ ಜ್ವರ, ಕೈ ಹಿಡಿದು ಎಬ್ಬಿಸಿದ. ಯಾಯೀರನ 12 ವರ್ಷದ ಮಗಳ ಕೈ ಹಿಡಿದ. ಕಿವುಡನನ್ನು ಗುಂಪಿನಿಂದ ಆಚೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಬೆರಳಿಟ್ಟ. ಮಕ್ಕಳನ್ನು ಅಪ್ಪಿಕೊಂಡ. ಬೇತ್ಸಾಯಿದದ ಕುರುಡನ ಮೇಲೆ ಎರಡು ಸಲ ಕೈ ಇಡಬೇಕಾಯಿತು. ಕುರುಡ ಬಾರ್ತಿಮಾಯನನ್ನು ಮಾತ್ರ, ಮಾರ್ಕ ಬರೆದಂತೆ, ಮುಟ್ಟಲೇ ಇಲ್ಲ. ನಿನಗೆ ನಾನು ಏನು ಮಾಡಬೇಕು ಅಂತ ಕೇಳಿದ. ಕುರುಡನಿಗೆ ಏನು ಬೇಕು ಅಂತ ದಾರಿಯಲ್ಲಿ ಹೋಗುವವನಿಗೂ ಗೊತ್ತು. ಆದರೂ ಕೇಳಿದ.

ನಮ್ಮ ಭೇಟಿಗಳಲ್ಲಿ ಇಲ್ಲದಿರುವುದು ಈ ಕೇಳುವುದೇ.

ಮುಟ್ಟುವ ವಿಷಯದಲ್ಲಿ ನಮ್ಮ ಊರಿಗೂ ಸ್ವಲ್ಪ ಚರಿತ್ರೆ ಇದೆ. 1880ರಲ್ಲಿ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಒಂದು ಆಲದ ಮರದ ಅಡಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಬೇರೆ ಆಸ್ಪತ್ರೆಯೇ ಆಯಿತು. ಆ ಕಾಯಿಲೆಯನ್ನು ಗುಣ ಮಾಡುವ ಔಷಧಿ ಆಗ ಪ್ರಪಂಚದಲ್ಲೇ ಇರಲಿಲ್ಲ. ಹುಣ್ಣು ತೊಳೆಯುವುದು, ಬಟ್ಟೆ ಸುತ್ತುವುದು, ಹೀಗೆ ಕೈಯಿಂದ ಮಾಡುವ ಕೆಲಸವೇ ಚಿಕಿತ್ಸೆ. ಉಡುಪಿಯಲ್ಲಿ 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ್ದನ್ನು ನಮ್ಮ ಜನ ಈಗಲೂ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಗಂಡು ಡಾಕ್ಟರ ಎದುರು ಹೋಗಲು ಹೆಂಗಸರು ಹಿಂಜರಿಯುತ್ತಿದ್ದ ಕಾಲ ಅದು. ಮುಟ್ಟುವ ಕೈ ಯಾರದ್ದು ಅನ್ನುವುದೂ ರೋಗಿಗೆ ಮುಖ್ಯ ಅಂತ ಆಗಿನವರಿಗೆ ತಿಳಿದಿತ್ತು.

ಮನೆ ಬಿಡುವಾಗ

ನೆಗಡಿ, ಜ್ವರ, ಹೊಟ್ಟೆಕೆಟ್ಟದ್ದು ಏನಿದ್ದರೂ ಹೋಗಬೇಡಿ. ಫೋನು ಮಾಡಿ. ಹೋಗುವುದಾದರೆ ಉಂಗುರ, ವಾಚು, ಕಡಗ ತೆಗೆದಿಡಿ. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳು, ಉಂಗುರದ ಕಲ್ಲು ತಾಗಿದರೂ ಸುಲಿಯುತ್ತದೆ. ಉಗುರು ಕತ್ತರಿಸಿಕೊಳ್ಳಿ. ಸೆಂಟು ಬೇಡ, ವಾಂತಿ ಬರುವವರಿಗೆ ಅದು ದೊಡ್ಡ ಹಿಂಸೆ. ಅಲ್ಲಿ ಹೋದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಬರುವಾಗಲೂ ತೊಳೆಯಿರಿ.

ಮಳೆಗಾಲದಲ್ಲಿ ಬೈಕಿನಲ್ಲಿ ಹೋದರೆ ಕೈ ತಣ್ಣಗೆ ಕೊರೆಯುತ್ತಿರುತ್ತದೆ. ಆ ಕೈಯನ್ನು ಹಾಗೇ ಇಡಬೇಡಿ. ಮನೆಯವರು ಚಹಾ ಕೊಟ್ಟರೆ ಸುಮ್ನೆ "ಬೇಡ ಬೇಡ" ಅನ್ನದೆ ತೆಗೆದುಕೊಳ್ಳಿ. ಆ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಳ್ಳಿ. ಕೈ ಬೆಚ್ಚಗಾಗುತ್ತದೆ, ಅಷ್ಟು ಹೊತ್ತು ರೋಗಿಗೂ ನಿಮ್ಮ ಮುಖದ ಗುರುತು ಹತ್ತುತ್ತದೆ.

ಎಲ್ಲಿ ಮುಟ್ಟಬಾರದು

ಆಸ್ಪತ್ರೆಯಾದರೆ ವಾರ್ಡಿನ ಸಿಸ್ಟರನ್ನು, ಮನೆಯಾದರೆ ನೋಡಿಕೊಳ್ಳುವವರನ್ನು ಒಂದೇ ಪ್ರಶ್ನೆ ಕೇಳಿ: "ಎಲ್ಲಿ ಮುಟ್ಟಬಾರದು?" ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಬ್ಬ ಸಿಸ್ಟರಂತೂ, "ಈ ಪ್ರಶ್ನೆ ಕೇಳಿದವರು ನೀವೇ ಮೊದಲು" ಅಂದಿದ್ದರು.

ಡ್ರಿಪ್ ಹಾಕಿದ ಕೈಯಲ್ಲಿ ಸೂಜಿ ಇರುತ್ತದೆ, ಇನ್ನೊಂದು ಕೈ ಹಿಡಿಯಿರಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಒಂದು ತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಅದನ್ನು ಒತ್ತುವುದೇ ಬೇಡ. ಅದು ಅವರ ಜೀವದ ದಾರಿ. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಬದಿಯ ತೋಳನ್ನು ಹಿಸುಕಬಾರದು. ಸ್ಟ್ರೋಕ್ ಆದವರ ಬಿದ್ದ ಕೈಯನ್ನು ಎಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರಬಹುದು. ತಿಳಿಯುವ ಕೈ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ.

ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದ್ದರೆ ಅಲ್ಲಿ ತಿಕ್ಕಬೇಡಿ. ಹಾಸಿಗೆ ಹುಣ್ಣು ಶುರುವಾಗುವ ಜಾಗ ಅದು, ತಿಕ್ಕಿದರೆ ಒಳಗೆ ಜಾಸ್ತಿ ಕೆಡುತ್ತದೆ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ಎಣ್ಣೆ ಹಾಕಿ ನೀವಲು ಹೋಗಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಡಾಕ್ಟರಿಗೆ ಹೇಳಿ. ಕೀಮೋ ತೆಗೆದುಕೊಳ್ಳುವವರ ಹತ್ತಿರ ಹೋಗಬಹುದೋ ಇಲ್ಲವೋ ಅನ್ನುವುದನ್ನೇ ಸಿಸ್ಟರಿಗೆ ಬಿಡಿ.

ಅಂಟುಕಾಯಿಲೆಯ ಭಯಕ್ಕೂ ಇಲ್ಲೇ ಎರಡು ಮಾತು. ಎಚ್‌ಐವಿ ಕೈ ಹಿಡಿದರೆ ಬರುವುದಿಲ್ಲ, ಅಪ್ಪಿಕೊಂಡರೆ ಬರುವುದಿಲ್ಲ. ಟಿಬಿ ಗಾಳಿಯಿಂದ ಹರಡುತ್ತದೆ, ಹಾಗಾಗಿ ಮಾಸ್ಕ್ ಬೇಕು, ಕಿಟಕಿ ತೆರೆದಿರಬೇಕು. ಕುಷ್ಠಕ್ಕೆ ಈಗ ಪೂರ್ತಿ ಗುಣವಾಗುವ ಔಷಧಿ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಒಂದು ಸಲ ಕೈ ಮುಟ್ಟಿದ್ದಕ್ಕೆಲ್ಲ ಅದು ಅಂಟುವ ಕಾಯಿಲೆಯಲ್ಲ.

ಕೂತುಕೊಳ್ಳಿ, ಆಮೇಲೆ ಕೇಳಿ

ನಿಂತುಕೊಂಡು ಮುಟ್ಟಬೇಡಿ. ಮಲಗಿದವರಿಗೆ ನಿಂತವರು ಮರದ ಹಾಗೆ ಕಾಣುತ್ತಾರೆ. ಸ್ಟೂಲ್ ಎಳೆದು, ನಿಮ್ಮ ಮುಖ ಅವರ ಮುಖದ ಮಟ್ಟಕ್ಕೆ ಬರುವ ಹಾಗೆ ಕೂತುಕೊಳ್ಳಿ. ಹೆಸರು ಹೇಳಿ, ಯಾರ ಮಗ, ಯಾರ ಸೊಸೆ ಅಂತ ಹೇಳಿ. ನಮ್ಮ ಊರಲ್ಲಿ ಹೆಸರಿಗಿಂತ ಆ ಗುರುತೇ ಬೇಗ ಹತ್ತುತ್ತದೆ. ತುಳು ಮಾತಾಡುವವರಾದರೆ "ಎಂಚ ಉಲ್ಲರ್?" (ಹೇಗಿದ್ದೀರಿ?) ಅಂತಲೇ ಶುರು ಮಾಡಿ. ಮರೆವಿನ ಕಾಯಿಲೆ ಇರುವವರ ಹತ್ತಿರ ಎದುರಿನಿಂದಲೇ ಬನ್ನಿ. ಹಿಂದಿನಿಂದ ಬಂದು ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾರೆ, ಕೆಲವರು ಹೊಡೆಯುತ್ತಾರೂ ಕೂಡ. ಅದು ಸಿಟ್ಟಲ್ಲ, ಹೆದರಿಕೆ.

ಈಗ ಕೇಳಿ. "ನಿಮ್ಮ ಕೈ ಹಿಡ್ಕೊಳ್ಳಲಾ ಬಾಯಮ್ಮಾ?" ಇಷ್ಟೇ. ಇದನ್ನು ಬಾಯಿಬಿಟ್ಟು ಕೇಳಲು ನಮಗೆ ನಾಚಿಕೆ. ಮುಟ್ಟಿದ ಮೇಲೆ "ಪರವಾಗಿಲ್ವಾ?" ಅನ್ನುತ್ತೇವೆ. ಆಗ ಬೇಡ ಅನ್ನಲು ಅವರಿಗೆ ನಾಚಿಕೆ. ಆಸ್ಪತ್ರೆಯಲ್ಲಿ ಮಲಗಿದವರನ್ನು ಬೆಳಗಿನಿಂದ ರಾತ್ರಿವರೆಗೆ ಎಷ್ಟು ಜನ ಮುಟ್ಟುತ್ತಾರೆ, ನೋಡಿದ್ದೀರಾ? ರಕ್ತ ತೆಗೆಯುವವರು, ಬಿಪಿ ನೋಡುವವರು, ಹೊರಳಿಸುವವರು. ಹೆಚ್ಚಿನವರು ಕೇಳುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ. ಇಡೀ ದಿನದಲ್ಲಿ ಕೇಳಿ ಮುಟ್ಟಿದವರು ನೀವೊಬ್ಬರೇ ಆಗಿರಬಹುದು.

ಮಾತು ಹೋದವರು ಕಣ್ಣಿನಿಂದ, ಬೆರಳಿನಿಂದ ಉತ್ತರ ಕೊಡುತ್ತಾರೆ. ನಿಮ್ಮ ಕೈಯನ್ನು ಅಂಗೈ ಮೇಲಾಗಿ ಹಾಸಿಗೆಯ ಮೇಲೆ, ಅವರ ಕೈಯ ಪಕ್ಕ ಇಡಿ. ಕಾಯಿರಿ. ಬೇಕಿದ್ದವರು ಬೆರಳು ಸರಿಸಿ ನಿಮ್ಮ ಅಂಗೈಗೆ ತರುತ್ತಾರೆ. ಹುಬ್ಬು ಗಂಟಾದರೆ, ಕೈ ಬಿಗಿಯಾದರೆ, ಮುಖ ಆಚೆ ತಿರುಗಿದರೆ ಬೇಡ ಅಂತ ಅರ್ಥ. ಆಗ ಶತಾಧಿಪತಿಯ ಕತೆ ನೆನಪಿಸಿಕೊಳ್ಳಿ. ಮಾತು ಸಾಕು. ಮಾತೂ ಬೇಡ ಅಂದರೆ ಹತ್ತಿರ ಕೂತರೂ ಸಾಕು.

ಗಂಡಸರು ಹೆಂಗಸರನ್ನು ನೋಡಲು ಹೋದಾಗ ಜೊತೆಗೆ ಒಬ್ಬ ಹೆಂಗಸು ಇರಲಿ. ಮೈ ಮುಟ್ಟುವ ವಿಷಯವನ್ನು ಅವರಿಗೇ ಬಿಟ್ಟರೆ ಒಳ್ಳೆಯದು.

ಮುಟ್ಟುವ ಕ್ರಮ

ನಿಮ್ಮ ಕೈ ಕೆಳಗಿರಲಿ, ಅವರದ್ದು ಮೇಲೆ. ಇದು ಸಣ್ಣ ವಿಷಯ ಅನಿಸುತ್ತದೆ, ಆದರೆ ಬಹಳ ದೊಡ್ಡದು. ಕೈ ಮೇಲಿದ್ದರೆ ಅವರು ಬೇಕೆಂದಾಗ ತೆಗೆಯಬಹುದು. ನಾವು ಮೇಲಿನಿಂದ ಹಿಡಿದರೆ ನಾವು ಬಿಡುವ ತನಕ ಅವರು ಸಿಕ್ಕಿಬಿದ್ದ ಹಾಗೆ.

ಹಿಡಿದ ಕೈಯನ್ನು ತಟ್ಟಬೇಡಿ. "ಎಲ್ಲಾ ಸರಿಹೋಗ್ತದೆ, ಸರಿಹೋಗ್ತದೆ" ಅಂತ ಪಟಪಟ ತಟ್ಟುವುದು ನಮ್ಮ ಗಡಿಬಿಡಿಗೆ, ಅವರ ನೋವಿಗಲ್ಲ. ಸುಮ್ನೆ ಹಿಡಿದುಕೊಳ್ಳಿ.

ಅವರಿಗೆ ಇಷ್ಟವಾದರೆ ಮುಂಗೈಯ ಮೇಲ್ಭಾಗವನ್ನು ಮಣಿಕಟ್ಟಿನಿಂದ ಮೊಣಕೈ ತನಕ ನಿಧಾನ ಸವರಬಹುದು. ಎಷ್ಟು ನಿಧಾನ? ಇದಕ್ಕೆ ವಿಜ್ಞಾನದಲ್ಲಿ ಲೆಕ್ಕ ಇದೆ. ನಮ್ಮ ಚರ್ಮದಲ್ಲಿ ಮೆಲ್ಲಗಿನ ಸವರುವಿಕೆಗೇ ಮಿಡಿಯುವ ಒಂದು ಬಗೆಯ ನರತಂತು ಇದೆ, ಸಿ-ಟ್ಯಾಕ್ಟೈಲ್ ಅಂತ ಹೆಸರು. ಕೂದಲಿರುವ ಚರ್ಮದಲ್ಲಿ ಇದು ಜಾಸ್ತಿ, ಅಂಗೈಯಲ್ಲಿ ತೀರಾ ಕಮ್ಮಿ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ, ಬೆಚ್ಚಗಿನ ಕೈ, ಇದ್ದರೆ ಅದು ಚೆನ್ನಾಗಿ ಮಿಡಿಯುತ್ತದೆ. ಬೇಗ ತಿಕ್ಕಿದರೆ ಅಷ್ಟು ಸ್ಪಂದಿಸುವುದಿಲ್ಲ. ಗಡಿಯಾರ ನೋಡುತ್ತಾ ಕೂರಬೇಡಿ ಮತ್ತೆ. ನನ್ನ ಅಳತೆ ಬೇರೆ. ನಮ್ಮ ಅಜ್ಜಿಯಂದಿರು ಹೇಳುವ ನಿಧಾನದಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಶುರು ಮಾಡಿ, "ಪರಿಶುದ್ಧವೆಂದು ಎಣಿಸಲ್ಪಡಲಿ" ಅನ್ನುವಾಗ ಬೆರಳು ಮೊಣಕೈ ತಲುಪಿದರೆ ಸರಿಯಾದ ವೇಗ.

ಒಂದು ಚಮಚ ತೆಂಗಿನೆಣ್ಣೆ ಸಣ್ಣ ಬಟ್ಟಲಲ್ಲಿ ಹಾಕಿ, ಬಟ್ಟಲನ್ನು ಬಿಸಿನೀರಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಎಸಿ ವಾರ್ಡಿನಲ್ಲಿ ಕೈ ಒಣಗಿ ಬಿರಿದಿರುತ್ತದೆ. ಬೆರಳ ಸಂದಿಯಿಂದ ಶುರು ಮಾಡಿ ಒತ್ತದೆ ಹಚ್ಚಿ. ಇದನ್ನು ಯಾಕೋಬನ ಪತ್ರಿಕೆ 5ನೇ ಅಧ್ಯಾಯದ ಎಣ್ಣೆಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಸಭೆಯ ಹಿರಿಯರನ್ನು ಕರೆಸಬೇಕು ಅಂತ ಇದೆ. ಕಥೋಲಿಕರಲ್ಲಿ ಅದು ಸಂಸ್ಕಾರ, ಗುರುಗಳೇ ಮಾಡಬೇಕು. ಹಣೆಗೂ ಕೈಗೂ ಅಭ್ಯಂಗಿಸುತ್ತಾರೆ. ಸಾಯುವವರಿಗೆ ಮಾತ್ರ ಅನ್ನುವ ಹಳೆಯ ತಿಳಿವಳಿಕೆಯನ್ನು ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ ಬಂದ ಹೊಸ ವಿಧಿ ಸರಿಪಡಿಸಿದೆ. ಆದರೂ ನಮ್ಮ ಕಡೆ ಪಾದ್ರಿ ಎಣ್ಣೆ ಹಿಡಿದು ಬಂದರೆ ಮನೆಯವರು ಅಳಲು ಶುರು ಮಾಡುತ್ತಾರೆ. ನಿಮ್ಮ ತೆಂಗಿನೆಣ್ಣೆ ಬರೀ ತೆಂಗಿನೆಣ್ಣೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ರೋಗಿಯದ್ದು ಬಿಟ್ಟು.

ಎಣ್ಣೆ ಅನ್ನುವಾಗ ರೋಸ್ ನೆನಪಾಗುತ್ತದೆ. ಮಂಗಳೂರಿನ ಕಥೋಲಿಕರ ಮನೆಯಲ್ಲಿ ಮದುವೆಯ ಮೊದಲು ಹುಡುಗ ಹುಡುಗಿಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಹರಸುತ್ತಾರಲ್ಲ, ಹಿರಿಯರಿಂದ ಹಿಡಿದು ನೆಂಟರೆಲ್ಲ ಸಾಲಾಗಿ ಬಂದು ಹಚ್ಚುತ್ತಾರೆ, ನಗು, ಹಾಡು. ಅದೇ ಹುಡುಗ ಎಪ್ಪತ್ತು ದಾಟಿ ಮಲಗಿದಾಗ ಅವನ ಕೈಗೆ ಎಣ್ಣೆ ಹಚ್ಚಲು ಒಬ್ಬರೂ ಇರುವುದಿಲ್ಲ.

ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸುವವರಿಗೆ

ಇದರಲ್ಲಿ ನನಗೆ ಸ್ವಲ್ಪ ತಕರಾರಿದೆ, ಹೇಳಿಬಿಡುತ್ತೇನೆ. ಹಸ್ತಾರ್ಪಣೆ ನಮ್ಮ ನಂಬಿಕೆಯ ಹಳೆಯ ಪದ್ಧತಿ. ದಮಸ್ಕದಲ್ಲಿ ಅನನೀಯನು ತನ್ನವರನ್ನು ಹಿಡಿಯಲು ಬಂದಿದ್ದ ಸೌಲನ ಮೇಲೆ ಕೈಯಿಟ್ಟು "ಸಹೋದರನಾದ ಸೌಲನೇ" ಅಂತ ಕರೆದ. ಅಷ್ಟು ಮೆತ್ತಗಿನ ಕೈ ಅದು. ಈಗ ಕೆಲವರು ಮಾಡುವುದು ನೋಡಿದರೆ ರೋಗಿಯ ಕುತ್ತಿಗೆಯ ಗತಿ ಏನು ಅಂತ ಹೆದರಿಕೆಯಾಗುತ್ತದೆ. ಒತ್ತುತ್ತಾರೆ, ಅಲ್ಲಾಡಿಸುತ್ತಾರೆ, ಸ್ವರ ಏರಿದ ಹಾಗೆ ಕೈಯ ಭಾರವೂ ಏರುತ್ತದೆ.

ಇಡುವುದಾದರೆ ಕೇಳಿ ಇಡಿ. ಕೈಯ ಭಾರ ನಿಮ್ಮ ತೋಳಿನಲ್ಲಿರಲಿ, ಅವರ ತಲೆಯ ಮೇಲಲ್ಲ. ಒಂದು ಎಲೆ ಬಿದ್ದಷ್ಟು ಸಾಕು. ಹಾಸಿಗೆ ಸುತ್ತ ಹತ್ತು ಜನ ಹತ್ತು ಕೈ ಇಡಬೇಡಿ. ಒಬ್ಬರು ಇಡಲಿ, ಉಳಿದವರು ಸ್ವಲ್ಪ ದೂರ ನಿಂತು ಪ್ರಾರ್ಥಿಸಲಿ. ಯೇಸು ಕಿವುಡನನ್ನು ಗುಂಪಿನಿಂದ ಆಚೆ ಕರೆದುಕೊಂಡು ಹೋದದ್ದು ಸುಮ್ನೆ ಅಲ್ಲ. ವಾರ್ಡಿನಲ್ಲಿ ಪಕ್ಕದ ಮಂಚದವರೂ ಇದ್ದಾರೆ, ಅವರಿಗೆ ನಿದ್ದೆ ಬೇಕು. ಎರಡು ನಿಮಿಷದ ಪ್ರಾರ್ಥನೆ ಸಾಕು, ಕರ್ತನಿಗೆ ಕಿವಿ ಚೆನ್ನಾಗಿ ಕೇಳುತ್ತದೆ.

"ಇನ್ನು ಮಾತ್ರೆ ಬೇಡ, ವಾಸಿಯಾಯಿತು" ಅಂತ ಯಾವತ್ತೂ ಹೇಳಬೇಡಿ. ಮುಟ್ಟುವುದರಿಂದ ಹೆದರಿಕೆ ಇಳಿಯುತ್ತದೆ, ಉಸಿರು ನಿಧಾನವಾಗುತ್ತದೆ, ನೋವು ಸ್ವಲ್ಪ ತಡೆದುಕೊಳ್ಳುವಂತಾಗುತ್ತದೆ. ತೂಕ ಕಮ್ಮಿ ಇರುವ ಹಸುಗೂಸುಗಳ ವಿಷಯದಲ್ಲಂತೂ ಇದು ಚಿಕಿತ್ಸೆಯೇ: 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಮಗುವನ್ನು ತಾಯಿಯ ಬರೀ ಎದೆಗೆ ಕಟ್ಟಿ ಇಟ್ಟು ನೋಡಿದರು, ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಮಾಡಿ ಅನ್ನುತ್ತದೆ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬೇಕು. ನಿಮ್ಮ ಕೈ ಇನ್ಸುಲಿನ್ ಅಲ್ಲ.

ಗಂಡಸರ ಕಷ್ಟ

ನಮ್ಮ ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ನಾನು ದೊಡ್ಡವನಾದ ಮೇಲೆ ನಾವಿಬ್ಬರೂ ಮುಟ್ಟಿಕೊಂಡದ್ದು ಅಂದರೆ ಕ್ರಿಸ್ಮಸ್ ದಿನ ಕೈಕುಲುಕಿದ್ದು, ಅಷ್ಟೇ. ಸೊಂಟದ ಮೂಳೆ ಮುರಿದು ಅವರು ಚಾವಡಿಯಲ್ಲಿ ಮಲಗಿದಾಗ "ಕೈ ಹಿಡ್ಕೊಳ್ಳಲಾ ಅಪ್ಪಾ?" ಅಂತ ಕೇಳಿದೆ. "ಯಾಕೆ, ನಾನು ಬಿದ್ದೇನಾ?" ಅಂದರು.

ಹತ್ತು ದಿನ ಕಳೆಯಿತು. ಗಡ್ಡ ಬೆಳೆದು ಮುಖ ಕಳೆಗುಂದಿತ್ತು. ಸೆಲೂನಿನವನಿಗೆ ಮನೆಗೆ ಬರಲು ಪುರುಸೊತ್ತಿರಲಿಲ್ಲ. ಒಂದು ಶನಿವಾರ ನಾನೇ ಚೆಂಬಿನಲ್ಲಿ ಬಿಸಿನೀರು ತಂದೆ. ತಲೆದಿಂಬು ಎರಡು ಇಟ್ಟು ಎತ್ತರ ಮಾಡಿದೆ. ಕುತ್ತಿಗೆಗೆ ಬೈರಾಸು ಸುತ್ತಿದೆ. ಇನ್ನೊಂದು ಬಟ್ಟೆಯನ್ನು ಬಿಸಿನೀರಲ್ಲಿ ಹಿಂಡಿ ಕೆನ್ನೆಗೆ ಇಟ್ಟೆ. ಅಪ್ಪ ಕಣ್ಣು ಮುಚ್ಚಿದರು. ಬ್ರಶ್ಶಿನಲ್ಲಿ ನೊರೆ ಹಚ್ಚಿ, ಎಡಗೈ ಹೆಬ್ಬೆರಳಿನಿಂದ ಕೆನ್ನೆಯ ಚರ್ಮ ಮೇಲಕ್ಕೆ ಎಳೆದು, ಕೂದಲು ಬೆಳೆದ ದಿಕ್ಕಿಗೇ ಮೇಲಿನಿಂದ ಕೆಳಕ್ಕೆ ರೇಜರ್ ಎಳೆದೆ. ಗಂಟಲಿಗೆ ಬಂದಾಗ ನಾನು ಕೇಳುವ ಮೊದಲೇ ಅವರು ಗದ್ದ ಎತ್ತಿದರು. ಆ ಗಂಟಲ ಮೇಲೆ ನನ್ನ ಕೈ ಜೀವಮಾನದಲ್ಲಿ ಮೊದಲ ಸಲ ಇತ್ತು. ಗುಟುಕು ನುಂಗಿದ್ದು ಬೆರಳಿಗೆ ಗೊತ್ತಾಯಿತು.

ಕನ್ನಡಿ ನೋಡಿ, "ಮೀಸೆ ಎಡಗಡೆ ಜಾಸ್ತಿ ಹೋಯ್ತು" ಅಂದರು. ಮುಂದಿನ ಶನಿವಾರ ನಾನು ಹೋಗುವಾಗ ಬೈರಾಸನ್ನು ತಾವೇ ಕುತ್ತಿಗೆಗೆ ಹಾಕಿಕೊಂಡು ಕಾಯುತ್ತಿದ್ದರು.

ಹಾಗಾಗಿ ಗಂಡಸರಿಗೆ ಕೆಲಸದ ನೆಪ ಬೇಕು. ಗಡ್ಡ ಹೆರೆಯಿರಿ, ತಲೆ ಬಾಚಿ, ಕೈಯ ಉಗುರು ತೆಗೆಯಿರಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಬ್ಲೇಡು ಬೇಡ, ಟ್ರಿಮ್ಮರ್ ಬಳಸಿ. ಸಕ್ಕರೆ ಕಾಯಿಲೆಯವರ ಕಾಲಿನ ಉಗುರಿಗೆ ನೀವು ಕೈಹಾಕಬೇಡಿ, ಸಣ್ಣ ಗಾಯವೂ ದೊಡ್ಡದಾಗುತ್ತದೆ.

ಕಾಲು ತೊಳೆಯುವುದಂತೂ ನಮ್ಮದೇ ಸಂಪ್ರದಾಯ, ಯೋಹಾನ 13ರಲ್ಲಿ ಯೇಸು ಶಿಷ್ಯರ ಕಾಲು ತೊಳೆದ. ಶುಭ ಶುಕ್ರವಾರದ ಹಿಂದಿನ ದಿನ ಇಗರ್ಜಿಗಳಲ್ಲಿ 12 ಜನರ ಪಾದ ತೊಳೆಯುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿ ಹೆಂಗಸರನ್ನೂ ಕೂರಿಸಬಹುದು ಅಂದರು. ಆ ದಿನ ಆರಿಸಿದವರು ಮನೆಯಲ್ಲೇ ಸೋಪು ಹಾಕಿ ಕಾಲು ಉಜ್ಜಿಕೊಂಡು ಬಂದಿರುತ್ತಾರೆ, ಅದು ಬೇರೆ ಮಾತು. ಮನೆಯಲ್ಲಿ ಮಲಗಿದವರ ಕಾಲು ಹಾಗಿರುವುದಿಲ್ಲ. ಬೇಸಿನ್ನಿನಲ್ಲಿ ನೀರು ಹಾಕಿ ನಿಮ್ಮ ಮೊಣಕೈಯಿಂದ ಬಿಸಿ ನೋಡಿ. ಸಕ್ಕರೆ ಕಾಯಿಲೆಯವರಿಗೆ ಪಾದ ಸುಟ್ಟರೂ ಗೊತ್ತಾಗದೇ ಇರಬಹುದು. ಐದು ನಿಮಿಷಕ್ಕಿಂತ ಜಾಸ್ತಿ ನೆನೆಸಬೇಡಿ. ಬೆರಳ ಸಂದಿಯನ್ನು ಒರೆಸಿ ಪೂರ್ತಿ ಒಣಗಿಸಿ.

ಕಾಯಿಲೆ ಇಲ್ಲದವರೂ ಇದ್ದಾರೆ

ಗಂಡ ತೀರಿಕೊಂಡು, ಮಕ್ಕಳು ದುಬೈ, ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಒಬ್ಬರೇ ಇರುವವರು ಮಂಗಳೂರು ಉಡುಪಿಯಲ್ಲಿ ಎಷ್ಟು ಜನ! ನಮ್ಮ ಸಭೆಯ ಒಬ್ಬ ಹಿರಿಯರು ಒಮ್ಮೆ ಹೇಳಿದ್ದರು: "ವಾರದಲ್ಲಿ ನನ್ನನ್ನು ಯಾರಾದರೂ ಮುಟ್ಟುವುದು ಭಾನುವಾರ ಆರಾಧನೆಯಲ್ಲಿ ಕೈಹಿಡಿದು ಸಮಾಧಾನ ಹೇಳುವಾಗ ಮಾತ್ರ."

1947ರಲ್ಲಿ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆಯಿತು. ಅದರ 1950ರ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿಸಿದರು. ಕೇರಳದ ಸಿರಿಯನ್ ಕ್ರೈಸ್ತರಿಂದ ಬಂದದ್ದು. ಒಬ್ಬರ ಕೈಯನ್ನು ಇನ್ನೊಬ್ಬರು ಎರಡೂ ಅಂಗೈಯ ನಡುವೆ ತೆಗೆದುಕೊಳ್ಳುವುದು. 2020ರ ಕೊರೊನಾದಲ್ಲಿ ಅದು ನಿಂತಿತು, ನಮಸ್ಕಾರ ಬಂತು. ಕೆಲವು ಕಡೆ ಇನ್ನೂ ನಮಸ್ಕಾರವೇ ಇದೆ. ನಿಮ್ಮ ಪಕ್ಕದ ಬೆಂಚಿನಲ್ಲಿ ಒಂಟಿ ಹಿರಿಯರು ಕೂತಿದ್ದರೆ, ಅವರು ಕೈ ಚಾಚಿದರೆ, ಆ ಕೈಯನ್ನು ಎರಡು ಸೆಕೆಂಡು ಜಾಸ್ತಿ ಹಿಡಿಯಿರಿ.

ಮಕ್ಕಳ ವಿಷಯ

ಕೊಂಕಣಿ ಮನೆಗಳಲ್ಲಿ ಸಂಜೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಚಂದದ ಪದ್ಧತಿ, ಇಲ್ಲೂ ಕೇಳುವುದು ಇದೆ ನೋಡಿ. ಆದರೆ ನೆಂಟರು ಬಂದಾಗ "ಅಂಕಲ್‌ಗೆ ಮುತ್ತು ಕೊಡು, ಹೋಗಿ ತೊಡೆ ಮೇಲೆ ಕೂತ್ಕೋ" ಅಂತ ಮಗುವನ್ನು ದಬ್ಬಬೇಡಿ. ಬೇಡ ಅಂದರೆ ಬೇಡ. ಟಾಟಾ ಮಾಡಿದರೆ ಸಾಕು.

ಭಾನುವಾರ ಶಾಲೆ, ಕ್ಯಾಂಪು, ಗಾಯನ ಅಭ್ಯಾಸ ಯಾವುದೇ ಇರಲಿ, ದೊಡ್ಡವರೊಬ್ಬರು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಪಾದ್ರಿಯಾದರೂ ಅಷ್ಟೇ, ಹಿರಿಯ ಸಭಾಸದಸ್ಯರಾದರೂ ಅಷ್ಟೇ. ಮಗು ಬಂದು ಏನಾದರೂ ಹೇಳಿದರೆ ಸಭೆಯ ಹೆಸರು ಕೆಡುತ್ತದೆ ಅಂತ ಬಾಯಿ ಮುಚ್ಚಿಸಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098.

ಕೊನೆಯ ಹೊತ್ತಿನಲ್ಲಿ

ಉಸಿರು ನಿಂತು ನಿಂತು ಬರುವಾಗ, ಕೈಕಾಲು ತಣ್ಣಗಾಗುವಾಗ ಮನೆಯವರು ಗಾಬರಿಯಲ್ಲಿ ಉಜ್ಜುತ್ತಾರೆ. ಉಜ್ಜಬೇಡಿ. ತೆಳುವಾದ ಹೊದಿಕೆ ಸಾಕು. ಒಬ್ಬರು ಕೈ ಹಿಡಿದು ಕೂರಿ, ಯಾರು ಅಂತ ಹೆಸರು ಹೇಳಿ. ಕೇಳಿಸುತ್ತಿರಬಹುದು, ಹಾಗಾಗಿ ಜಾಗದ ವಿಷಯ, ದುಡ್ಡಿನ ವಿಷಯ ಅಲ್ಲಿ ಬೇಡ. ಕೈ ಹಿಡಿದವರಿಗೆ ಒಂದು ಗಂಟೆಗೊಮ್ಮೆ ಬಿಡುವು ಕೊಡಿ. ಬದಲಾಗುವಾಗ ಎರಡನೆಯವರ ಕೈ ಸೇರಿದ ಮೇಲೆ ಮೊದಲಿನವರು ಬಿಡಲಿ.

ಪ್ರಾಣ ಹೋದ ಮೇಲೂ ಅವಸರ ಬೇಡ. ನಾಯಿನೆಂಬ ಊರಿನಲ್ಲಿ ಯೇಸು ಚಟ್ಟವನ್ನೇ ಮುಟ್ಟಿದ, ಹೊತ್ತವರು ನಿಂತರು. ಆಂಬುಲೆನ್ಸಿನವರೂ ಹತ್ತು ನಿಮಿಷ ನಿಲ್ಲುತ್ತಾರೆ. ಮುಖ ಒರೆಸಲು, ತಲೆ ಬಾಚಲು ಬಯಸುವ ಮಗಳಿಗೆ, ಸೊಸೆಗೆ ಅವಕಾಶ ಕೊಡಿ.

ಹೊರಡುವಾಗ

ಹದಿನೈದು ಇಪ್ಪತ್ತು ನಿಮಿಷ ಸಾಕು. ಫೋನು ಬಂತು ಅಂತ ಕೈ ಕಿತ್ತುಕೊಂಡು ಏಳಬೇಡಿ, ಫೋನನ್ನು ಮೊದಲೇ ಸೈಲೆಂಟ್ ಮಾಡಿ. "ಇನ್ನೈದು ನಿಮಿಷದಲ್ಲಿ ಹೊರಡ್ತೇನೆ" ಅಂತ ಮೊದಲೇ ಹೇಳಿ. ಆದಷ್ಟು ಅವರೇ ಕೈ ಬಿಡುವ ತನಕ ಕಾಯಿರಿ. ಬಿಡದಿದ್ದರೆ ಇನ್ನೊಂದು ಕೈಯನ್ನು ಮೇಲಿಟ್ಟು, ಹೋಗಿ ಬರ್ತೇನೆ ಅಂತ ಹೇಳಿ, ನಿಧಾನ ಸರಿಸಿ. ಮುಂದಿನ ವಾರ ಬರಲಾಗದಿದ್ದರೆ ಬರ್ತೇನೆ ಅಂತ ಹೇಳಬೇಡಿ. ಅವರು ದಿನ ಎಣಿಸುತ್ತಾರೆ.

ಸ್ಟೂಲನ್ನು ಇದ್ದಲ್ಲಿ ಇಡಿ. ಕನ್ನಡಕ, ನೀರಿನ ಬಾಟ್ಲಿ, ಕರೆಗಂಟೆಯ ಸ್ವಿಚ್ಚು ಅವರ ಕೈಗೆ ಸಿಗುವ ಹಾಗಿದೆಯಾ ನೋಡಿ. ಇಲ್ಲದಿದ್ದರೆ ಹತ್ತಿರ ತಂದಿಡಿ, ತಿಳಿಯುವ ಕೈಯ ಕಡೆ.